₹20,000ದೊಳಗೆ ರೀಫರ್ಬಿಶ್ಡ್ ಲ್ಯಾಪ್‌ಟಾಪ್ ತಗೊಂಡು ಲಿನಕ್ಸ್ ಹಾಕೋದು: ಯಾವ ಮಾಡೆಲ್, ಅಂಗಡೀಲಿ ಏನೇನು ನೋಡಬೇಕು?

ಹೊಸಬ_ಹಾಸನ

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಕಲಿಯೋಕೆ ಅಂತಲೇ ಒಂದು ಹಳೇ ಲ್ಯಾಪ್‌ಟಾಪ್ ಬೇಕಿದೆ. ಬಜೆಟ್ 20,000, ಸಾವಿರ-ಎರಡು ಸಾವಿರ ಆಚೀಚೆ ಆದ್ರೂ ನಡೆಯುತ್ತೆ. ಬ್ರೌಸರ್, ಲಿಬ್ರೆಆಫೀಸ್, ಸ್ವಲ್ಪ ಪೈಥಾನ್, ಜೊತೆಗೆ ಕನ್ನಡ ಟೈಪಿಂಗ್ (ಕೈಗೆ ನುಡಿ ತಂತ್ರಾಂಶದ ಅಭ್ಯಾಸ). ಬೆಂಗಳೂರು ಎಸ್.ಪಿ. ರೋಡ್‌ನಲ್ಲಿ ಎರಡು ರೇಟ್ ಸಿಕ್ಕಿದೆ:

ಥಿಂಕ್‌ಪ್ಯಾಡ್ ಟಿ470, ಐ7-7600ಯು, 8 ಜಿಬಿ, 256 ಎಸ್‌ಎಸ್‌ಡಿ: 17,500
ಥಿಂಕ್‌ಪ್ಯಾಡ್ ಟಿ480, ಐ5-8350ಯು, 8 ಜಿಬಿ, 256 ಎಸ್‌ಎಸ್‌ಡಿ: 21,000

ಐ7 ಕಡಿಮೆಗೆ ಬರ್ತಿದೆಯಲ್ಲ, ಅದನ್ನೇ ತಗೊಳ್ಳೋದಾ?

ಬೆಸುಗೆಕಡ್ಡಿ

ಬೇಡ. ಐ7 ಅನ್ನೋ ಸ್ಟಿಕ್ಕರ್ ನೋಡಬೇಡಿ, ಅದರ ಮುಂದಿನ ನಂಬರ್ ನೋಡಿ. ಐ7-7600ಯು ಅಂದ್ರೆ 7ನೇ ತಲೆಮಾರು, ಬರೀ 2 ಕೋರ್, 4 ಥ್ರೆಡ್. ಐ5-8350ಯು 8ನೇ ತಲೆಮಾರು, 4 ಕೋರ್, 8 ಥ್ರೆಡ್. ಲ್ಯಾಪ್‌ಟಾಪಿನ ಯು ಸರಣಿಯಲ್ಲಿ ಇಂಟೆಲ್ ಎರಡರಿಂದ ನಾಲ್ಕು ಕೋರ್‌ಗೆ ಹಾರಿದ್ದೇ 8ನೇ ತಲೆಮಾರಿನಲ್ಲಿ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆಗೆದು, ಹಿಂದೆ ಅಪ್‌ಡೇಟ್ ಓಡ್ತಿರುವಾಗ ಎರಡಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

7ನೇ ತಲೆಮಾರು ಈಗ ಅಗ್ಗ ಆಗಿರೋದಕ್ಕೆ ಕಾರಣವೂ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಜೊತೆಗೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ಕಂಪನಿಗಳು 6, 7ನೇ ತಲೆಮಾರಿನದನ್ನ ರಾಶಿ ರಾಶಿ ಹೊರಗೆ ಹಾಕಿವೆ. ಲಿನಕ್ಸ್‌ಗೆ ಆ ಕಟ್ಟುಪಾಡು ಇಲ್ಲ, ಟಿ470 ಮೇಲೂ ಚೆನ್ನಾಗೇ ಓಡುತ್ತೆ. ಆದ್ರೆ 17,500 ಕೊಡುವ ವಸ್ತು ಅಲ್ಲ ಅದು. 12-13ಕ್ಕೆ ಇಳಿದ್ರೆ ಯೋಚನೆ ಮಾಡಿ, ಇಲ್ಲಾಂದ್ರೆ 3,500 ಸೇರಿಸಿ ಟಿ480 ತಗೊಳ್ಳಿ.

ಮಲೆನಾಡ_ಮೋಡೆಮ್

+1. ಬರೀ ಟಿ480 ಅಂತ ಪಟ್ಟು ಹಿಡಿಯೋದೂ ಬೇಡ, ಹೆಸರಿಗೇ ಅಂಗಡಿಯವರು ಸಾವಿರ-ಎರಡು ಸಾವಿರ ಜಾಸ್ತಿ ಹೇಳ್ತಾರೆ. ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೀಟ್‌ಬುಕ್ 840 ಜಿ5 ಎರಡೂ ಅದೇ 8ನೇ ತಲೆಮಾರು, ಎರಡರಲ್ಲೂ ರ‍್ಯಾಮ್ ಸ್ಲಾಟ್ ಎರಡೆರಡು. ಎಡವೋದು ರ‍್ಯಾಮ್ ವಿಷಯದಲ್ಲೇ. ಟಿ480ಗೆ 2 ಸ್ಲಾಟ್. ಟಿ480ಎಸ್ಗೆ ಒಂದು ಬೋರ್ಡಿಗೆ ಬೆಸೆದಿರುತ್ತೆ, ಒಂದೇ ಸ್ಲಾಟ್. ಟಿ490ದೂ ಅದೇ ಕಥೆ. ಎಕ್ಸ್270ಗೆ ಒಂದೇ ಸ್ಲಾಟ್. ಎಕ್ಸ್280 ಮತ್ತು ಎಕ್ಸ್1 ಕಾರ್ಬನ್‌ಗೆ ಸ್ಲಾಟೇ ಇಲ್ಲ, ಹುಟ್ಟುವಾಗ ಎಷ್ಟಿತ್ತೋ ಕೊನೇವರೆಗೂ ಅಷ್ಟೇ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ. ಮೊದಲೆಲ್ಲ "8 ಜಿಬಿ ತಗೊಂಡು ಆಮೇಲೆ 8 ಹಾಕಿಸ್ಕೊಳ್ಳಿ" ಅಂತಿದ್ವಿ, ಈಗ ಆ ಲೆಕ್ಕ ತಿರುಗಿದೆ. 16 ಜಿಬಿ ಇರೋದೇ 1,500-2,000 ಜಾಸ್ತಿಗೆ ಸಿಕ್ಕರೆ ಕಣ್ಮುಚ್ಚಿ ತಗೊಳ್ಳಿ. ಸಿಗದಿದ್ರೆ ಆ 8 ಜಿಬಿ ಒಂದೇ ಪಟ್ಟಿಯಲ್ಲಿದೆಯಾ ಅಥವಾ 4+4 ಹಾಕಿದಾರಾ ಕೇಳಿ. ಒಂದೇ ಪಟ್ಟಿ ಇದ್ರೆ ಇನ್ನೊಂದು ಸ್ಲಾಟ್ ಖಾಲಿ ಇರುತ್ತೆ. 4+4 ಇದ್ರೆ ಮುಂದೆ ಒಂದು 4ನ್ನ ತೆಗೆದು ಬಿಸಾಕಬೇಕಾಗುತ್ತೆ.

ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ (ಎಂಎಕ್ಸ್150) ಇರೋ ಟಿ480 ಕೊಟ್ಟರೆ ಬೇಡ ಅನ್ನಿ. ಅದರಿಂದ ನಿಮ್ಮ ಕೆಲಸಕ್ಕೆ ಉಪಯೋಗ ಇಲ್ಲ. ಬಿಸಿ ಜಾಸ್ತಿ, ಬ್ಯಾಟರಿ ಬೇಗ ಖಾಲಿ, ಮೇಲೆ ಡ್ರೈವರ್ ತಲೆನೋವು ಬೇರೆ.

ಹೊಸಬ_ಹಾಸನ

ಅರ್ಥ ಆಯ್ತು ಸರ್, ಟಿ480 ಅಥವಾ 840 ಜಿ5. ಅಂಗಡೀಲಿ ಅರ್ಧ ಗಂಟೆ ಸಿಗುತ್ತೆ ಅಂದ್ಕೊಳ್ಳಿ. ಏನು ಚೆಕ್ ಮಾಡೋದು?

ಬೆಸುಗೆಕಡ್ಡಿ

ಪೆನ್‌ಡ್ರೈವ್ ಇಲ್ಲದೆ ಹೋಗಲೇಬೇಡಿ. ಅಂಗಡಿಯವರು ಹಾಕಿಕೊಟ್ಟಿರೋ ವಿಂಡೋಸ್‌ನಲ್ಲಿ ಏನು ನೋಡಿದ್ರೂ ನಿಮಗೆ ಬೇಕಾದ್ದು ಗೊತ್ತಾಗಲ್ಲ. ಲಿನಕ್ಸ್ ಮಿಂಟ್ 22 ಸರಣಿಯ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ಪ್ರತಿ ಇರೋ ಫೈಲ್) ಇಳಿಸಿಕೊಳ್ಳಿ, ಸಿನಮನ್ ಆವೃತ್ತಿ. ಉಬುಂಟು 24.04ರ ಮೇಲೆ ಕಟ್ಟಿರೋದು, 2029ರವರೆಗೆ ಅಪ್‌ಡೇಟ್ ಬರುತ್ತೆ. 8 ಜಿಬಿ ಪೆನ್‌ಡ್ರೈವ್ ಸಾಕು. ರೂಫಸ್ ಅಥವಾ ಬಲೇನಾ ಎಚರ್ ಅನ್ನೋ ತಂತ್ರಾಂಶದಲ್ಲಿ ಅದನ್ನ ಪೆನ್‌ಡ್ರೈವ್‌ಗೆ ಬರೆಯಿರಿ. ಬರೆಯೋ ಮೊದಲು ಐಎಸ್‌ಒದ ಎಸ್‌ಎಚ್‌ಎ256 ಮೊತ್ತ (ಫೈಲ್ ಸರಿಯಾಗಿ ಇಳಿದಿದೆಯಾ ಅಂತ ಹೇಳೋ ಉದ್ದ ಸಂಕೇತ) ಮಿಂಟ್ ಸೈಟಿನಲ್ಲಿ ಕೊಟ್ಟಿರೋದಕ್ಕೆ ತಾಳೆ ಆಗುತ್ತಾ ನೋಡಿ. ಅರ್ಧಂಬರ್ಧ ಡೌನ್‌ಲೋಡ್ ಆದ ಫೈಲ್ ಬರೆದು, ಅಂಗಡೀಲಿ ಬೂಟ್ ಆಗದೆ, ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ವಾದಕ್ಕೆ ನಿಲ್ಲೋದು ಬೇಡ.

ಬೂಟ್ ಮೆನು (ಯಾವ ಡಿಸ್ಕಿನಿಂದ ಶುರು ಆಗಬೇಕು ಅಂತ ಆರಿಸೋ ಪಟ್ಟಿ), ಆನ್ ಮಾಡಿದ ಕೂಡಲೇ ಒತ್ತಿ: ಲೆನೊವೊ, ಡೆಲ್‌ಗೆ ಎಫ್12. ಎಚ್‌ಪಿಗೆ ಎಫ್9. ಪೆನ್‌ಡ್ರೈವ್ ಆರಿಸಿದ್ರೆ ಎರಡು ನಿಮಿಷದಲ್ಲಿ ಮಿಂಟ್ ಡೆಸ್ಕ್‌ಟಾಪ್ ಬರುತ್ತೆ. ಇನ್‌ಸ್ಟಾಲ್ ಐಕಾನ್ ಮುಟ್ಟಬೇಡಿ, ಡಿಸ್ಕಿಗೆ ಏನೂ ಆಗಲ್ಲ. ಅಂಗಡಿಯವರಿಗೂ ಇದನ್ನ ಮೊದಲೇ ಹೇಳಿ. "ಅಣ್ಣ, ಏನೂ ಅಳಿಸಲ್ಲ, ಪೆನ್‌ಡ್ರೈವ್‌ನಿಂದಲೇ ಓಡುತ್ತೆ" ಅಂದ್ರೆ ಹೆಚ್ಚಿನವರು ಬಿಡ್ತಾರೆ. ಬಿಡದಿದ್ರೆ ಪಕ್ಕದ ಅಂಗಡಿಗೆ ಹೋಗಿ, ಆ ರಸ್ತೇಲಿ ಅಂಗಡಿಗೇನು ಬರ.

ಡೆಸ್ಕ್‌ಟಾಪ್ ಬಂದ ಮೇಲೆ ಹೀಗೆ ಮಾಡಿ. ಮೊದಲು ಫೋನ್ ಹಾಟ್‌ಸ್ಪಾಟ್‌ಗೆ ವೈಫೈ ಸೇರಿಸಿ. ಯೂಟ್ಯೂಬ್‌ನಲ್ಲಿ 1080ಪಿ ವಿಡಿಯೊ ಹಾಕಿ, ಎರಡೂ ಸ್ಪೀಕರ್ ಕೇಳಿ. ಅದು ಓಡ್ತಿರುವಾಗಲೇ ಟೆಕ್ಸ್ಟ್ ಎಡಿಟರ್ ತೆಗೆದು ಎಲ್ಲ ಕೀಲಿ ಒತ್ತಿ, ಬಾಣದ ಕೀಲಿ, ಸ್ಪೇಸ್ ಬಾರ್ ಎರಡು ತುದೀಲೂ. ಮೇಲೆ ಸ್ಟಿಕ್ಕರ್ ಅಂಟಿಸಿದ ಕೀಲಿಮಣೆ ಆದ್ರೆ ಕೆಳಗಿರೋದು ಜರ್ಮನ್ನೋ ಜಪಾನಿಯೋ ಆಗಿರಬಹುದು. ಎಂಟರ್ ಕೀಲಿ ಎತ್ತರಕ್ಕೆ ಎರಡು ಸಾಲು ಹಿಡಿದಿದ್ರೆ ಅದೇ ಸುಳಿವು. ಒಂದೊಂದು ಯುಎಸ್‌ಬಿಗೂ ಪೆನ್‌ಡ್ರೈವ್ ಚುಚ್ಚಿ (ಬೂಟ್ ಆದದ್ದನ್ನ ಕೀಳಬೇಡಿ, ಇನ್ನೊಂದು ತನ್ನಿ). ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಟ್ಟು ತೆಗೆಯಿರಿ: ಪರದೆ ಬಂತಾ, ವೈಫೈ ತಾನೇ ಸೇರಿತಾ? ಇದನ್ನ ಯಾರೂ ನೋಡಲ್ಲ, ಆಮೇಲೆ ಪರದಾಡೋದು ಇದಕ್ಕೇ.

ಡಿಸ್ಕ್ಸ್ ಅನ್ನೋ ಅಪ್ಲಿಕೇಶನ್ ಮಿಂಟ್‌ನಲ್ಲೇ ಇರುತ್ತೆ. ಅದರಲ್ಲಿ ಎಸ್‌ಎಸ್‌ಡಿ ಆರಿಸಿ ಸ್ಮಾರ್ಟ್ ವಿವರ ತೆಗೆದ್ರೆ ಎಷ್ಟು ಗಂಟೆ ಓಡಿದೆ ಅಂತ ಕಾಣುತ್ತೆ. ಐದಾರು ವರ್ಷದ ಮೆಷಿನ್‌ನಲ್ಲಿ ಡಿಸ್ಕ್ 3 ಗಂಟೆ ಓಡಿದೆ ಅಂತಿದ್ರೆ ಅಂಗಡಿಯವರು ಹೊಸದು ಹಾಕಿದಾರೆ ಅಂತ ಅರ್ಥ. ಹೊಸದು ಅನ್ನೋದು ತಪ್ಪಲ್ಲ, ಯಾವ ಬ್ರಾಂಡ್ ಅಂತ ನೋಡಿ. ಹೆಸರೇ ಕೇಳಿರದ ಅಗ್ಗದ ಡಿಸ್ಕ್ ಇದ್ರೆ 500-1,000 ಇಳಿಸೋಕೆ ಕೇಳಿ.

ಪರದೆ: ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1920×1080 ಬರಬೇಕು. ಟಿ480 ಕೆಲವು 1366×768 ಪರದೆಯದು ಬಂದಿದೆ, ಪಕ್ಕದಿಂದ ನೋಡಿದ್ರೆ ಬಣ್ಣ ಬಿಳಿಚಿಕೊಳ್ಳುತ್ತೆ. ಪೂರ್ತಿ ಬಿಳಿ ಪುಟ ತೆಗೆದು ಬಿಳೀ ಚುಕ್ಕೆ, ಒತ್ತಿದ ಗುರುತು ಇದೆಯಾ ನೋಡಿ.

ತಂತಿಪೆಟ್ಟಿಗೆ

ಬೆಸುಗೆಕಡ್ಡಿ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ.

ಒಂದು, ಟಿ480 ಚಾರ್ಜ್ ಆಗೋದು ಯುಎಸ್‌ಬಿ-ಸಿಯಿಂದ ಮಾತ್ರ. ಟಿ470ರಲ್ಲಿದ್ದ ಹಳೇ ಚೌಕದ ಪಿನ್ ಇದರಲ್ಲಿ ಇಲ್ಲ. ಎರಡು ಸಿ ಪೋರ್ಟ್ ಇವೆ, ಒಂದು ಸಾಮಾನ್ಯದ್ದು, ಒಂದು ಥಂಡರ್‌ಬೋಲ್ಟ್ (ಅದೇ ಆಕಾರ, ವೇಗ ಜಾಸ್ತಿ). ಎರಡಕ್ಕೂ ಚಾರ್ಜರ್ ಹಾಕಿ, ಮೆಲ್ಲಗೆ ಅಲುಗಾಡಿಸಿ ನೋಡಿ. ಪೋರ್ಟ್ ಮದರ್‌ಬೋರ್ಡಿಗೇ ಬೆಸೆದಿರೋದು, ಸಡಿಲ ಆಗಿದ್ರೆ ಪೋರ್ಟ್ ಬದಲಿಸೋದು ಸಣ್ಣ ಕೆಲಸ ಅಲ್ಲ. ಥಂಡರ್‌ಬೋಲ್ಟ್ ಪೋರ್ಟ್‌ದು ಇನ್ನೊಂದು ರಗಳೆ ಇದೆ. 2017-18ರ ಥಿಂಕ್‌ಪ್ಯಾಡ್‌ಗಳ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಲ್ಲಿ (ಚಿಪ್ ಒಳಗಿನ ತಂತ್ರಾಂಶದಲ್ಲಿ) ದೋಷ ಇತ್ತು, ಕಾಲಕ್ರಮದಲ್ಲಿ ಪೋರ್ಟ್ ಕೈಕೊಡುತ್ತೆ. ಲೆನೊವೊ ಅದಕ್ಕೆ ಸರಿಪಡಿಸಿದ ಫರ್ಮ್‌ವೇರ್ ಬಿಟ್ಟಿದೆ. ಅಂಗಡಿಯಿಂದ ಬಂದ ವಿಂಡೋಸ್ ಅಳಿಸೋ ಮೊದಲು ಅದನ್ನೂ ಬಯೋಸ್ (ಆನ್ ಆದಾಗ ಮೊದಲು ಓಡೋ ಬೋರ್ಡಿನ ತಂತ್ರಾಂಶ) ಅಪ್‌ಡೇಟನ್ನೂ ಹಾಕಿಬಿಡಿ.

ಎರಡು, ಡೆಲ್ ತಗೊಂಡ್ರೆ ಚಾರ್ಜರ್. ಡೆಲ್‌ನ ದುಂಡು ಪಿನ್ ಒಳಗೆ ತೆಳು ಸೂಜಿ ಇರುತ್ತಲ್ಲ, ಅದು ಚಾರ್ಜರ್ ಎಷ್ಟು ವಾಟ್‌ದು ಅಂತ ಲ್ಯಾಪ್‌ಟಾಪ್‌ಗೆ ಹೇಳೋ ತಂತಿ. ಡೂಪ್ಲಿಕೇಟ್ ಚಾರ್ಜರ್ ಆದ್ರೆ ಅಥವಾ ಸೂಜಿ ಬಗ್ಗಿದ್ರೆ ಆನ್ ಆಗುವಾಗ ಅಡಾಪ್ಟರ್ ಗೊತ್ತಾಗ್ತಿಲ್ಲ ಅಂತ ಬರುತ್ತೆ. ಬ್ಯಾಟರಿ ಚಾರ್ಜ್ ಆಗಲ್ಲ, ಪ್ರೊಸೆಸರ್ ಬೇಕಂತಲೇ ನಿಧಾನ ಓಡುತ್ತೆ. "ಲಿನಕ್ಸ್ ಹಾಕಿದ್ಮೇಲೆ ಸ್ಲೋ ಆಯ್ತು" ಅನ್ನೋ ದೂರಿನಲ್ಲಿ ಎಷ್ಟೋ ಇದೇ ಇರುತ್ತೆ.

ಹೊಸಬ_ಹಾಸನ

ಬಯೋಸ್ ಪಾಸ್‌ವರ್ಡ್ ಬಗ್ಗೆ ಕೇಳಿದ್ದೆ. ಬ್ಯಾಟರಿ ತೆಗೆದು ಹಾಕಿದ್ರೆ ಹೋಗುತ್ತೆ ಅಂತಾರಲ್ಲ?

ತಂತಿಪೆಟ್ಟಿಗೆ

ಥಿಂಕ್‌ಪ್ಯಾಡ್‌ನಲ್ಲಿ ಹೋಗಲ್ಲ. ಸೂಪರ್‌ವೈಸರ್ ಪಾಸ್‌ವರ್ಡ್ ಬೋರ್ಡಿನ ಮೇಲಿನ ಚಿಪ್‌ನಲ್ಲಿ ಕೂತಿರುತ್ತೆ, ಗುಂಡು ಬ್ಯಾಟರಿಗೂ (ಬೋರ್ಡಿನ ಗಡಿಯಾರ ಓಡಿಸೋ ನಾಣ್ಯದ ಥರದ್ದು) ಅದಕ್ಕೂ ಸಂಬಂಧ ಇಲ್ಲ. ದುಡ್ಡು ಕೊಡೋ ಮೊದಲು ಆನ್ ಮಾಡುವಾಗ ಎಫ್1 (ಡೆಲ್ ಎಫ್2, ಎಚ್‌ಪಿ ಎಫ್10) ಒತ್ತಿ ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದ್ರೆ ಅಲ್ಲಿಗೇ ಬಿಡಿ. "ಬರೋ ವಾರ ತೆಗೆಸಿಕೊಡ್ತೀವಿ" ಅಂದ್ರೆ ಬರೋ ವಾರವೇ ಬರ್ತೀವಿ ಅನ್ನಿ.

ಒಳಗೆ ಹೋದ್ರೆ ಸೆಕ್ಯೂರಿಟಿ ಭಾಗದಲ್ಲಿ ಅಬ್ಸೊಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಅಂತ ಇರುತ್ತೆ. ಡಿಸೇಬಲ್ ಆಗಿದ್ರೆ ಸರಿ. ಆಕ್ಟಿವ್ ಇದ್ರೆ ಹಳೇ ಕಂಪನಿ ಆ ಮೆಷಿನ್ ಇನ್ನೂ ತನ್ನ ಲೆಕ್ಕದಿಂದ ಬಿಟ್ಟಿಲ್ಲ. ವಿಂಡೋಸ್ ಹೊಸದಾಗಿ ಹಾಕುವಾಗ ಯಾವುದೋ ಕಂಪನಿಯ ಹೆಸರು ತೋರಿಸಿ ಅವರ ಲಾಗಿನ್ ಕೇಳೋದೂ ಇದೇ ಥರದ್ದು, ಆಟೊಪೈಲಟ್ ಅಂತಾರೆ. ಲಿನಕ್ಸ್‌ಗೆ ಇವೆರಡೂ ಅಡ್ಡ ಬರಲ್ಲ, ನಿಜ. ಆದ್ರೆ ನಾಳೆ ಮಾರಬೇಕು ಅಂದ್ರೆ ನೀವೇ ಸಿಕ್ಕಿಹಾಕಿಕೊಳ್ತೀರಿ.

ಬಿಲ್ ಜಿಎಸ್‌ಟಿ ನಂಬರ್ ಇರೋದೇ ತಗೊಳ್ಳಿ. ಅದರಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆಸಿ. ತಳದ ಸ್ಟಿಕ್ಕರ್, ಬಯೋಸ್‌ನ ಮೊದಲ ಪುಟ, ಬಿಲ್ಲು ಮೂರರಲ್ಲೂ ಒಂದೇ ನಂಬರ್ ಇರಬೇಕು. ತಳದ ಸ್ಟಿಕ್ಕರೇ ಬೇರೆ ಇದ್ರೆ ಎರಡು ಮೆಷಿನ್ ಸೇರಿಸಿ ಒಂದು ಮಾಡಿದಾರೆ. "ಟೆಸ್ಟಿಂಗ್ ವಾರಂಟಿ" ಅಂದ್ರೆ ಎಷ್ಟು ದಿನ, ಬ್ಯಾಟರಿ ಸೇರಿದೆಯಾ ಅನ್ನೋದನ್ನೂ ಬಿಲ್ ಮೇಲೇ ಬರೆಸಿಕೊಳ್ಳಿ. ಬಾಯಿಮಾತಿನ ವಾರಂಟಿಗೆ ಬೆಲೆ ಇಲ್ಲ.

ಪುಟ್ಟಪೆಟ್ಟಿಗೆ

ಲ್ಯಾಪ್‌ಟಾಪೇ ಬೇಕಾ ಅಂತ ಒಂದ್ಸಲ ಕೇಳಿಕೊಳ್ಳಿ. ಮನೇಲಿ ಮಾನಿಟರ್ ಇದ್ರೆ ಡೆಲ್ ಆಪ್ಟಿಪ್ಲೆಕ್ಸ್ 3060 ಮೈಕ್ರೊ, ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ4 ಮಿನಿ, ಲೆನೊವೊ ಎಂ720ಕ್ಯು ಥರದ್ದು ನೋಡಿ. ಅಂಗೈ ಅಗಲದ ಪೆಟ್ಟಿಗೆ. ಅದೇ 8ನೇ ತಲೆಮಾರು, ಆದ್ರೆ ಇವುಗಳಲ್ಲಿ ಬರೋ ಐ5-8500ಟಿ ಪ್ರೊಸೆಸರ್‌ಗೆ 6 ಕೋರ್. ಬ್ಯಾಟರಿ ಇಲ್ಲ, ಕೀಲು ಇಲ್ಲ, ಪರದೆ ಇಲ್ಲ, ಅಂದ್ರೆ ರೀಫರ್ಬಿಶ್ಡ್‌ನಲ್ಲಿ ಕೆಡೋ ಮುಕ್ಕಾಲು ಭಾಗವೇ ಇಲ್ಲ.

ಮಲೆನಾಡ_ಮೋಡೆಮ್

ಪುಟ್ಟಪೆಟ್ಟಿಗೆಯವರೇ, ಮಾತು ಸರಿ. ಆದ್ರೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಕಡೆ ಲ್ಯಾಪ್‌ಟಾಪ್ ಬ್ಯಾಟರಿಯೇ ಯುಪಿಎಸ್. ಇನ್‌ಸ್ಟಾಲ್ ಮಧ್ಯೆ, ಅಥವಾ ಕರ್ನಲ್ ಅಪ್‌ಡೇಟ್ ಮಧ್ಯೆ ಕರೆಂಟ್ ಹೋದ್ರೆ ಹೊಸಬರು ಅಲ್ಲೇ ಲಿನಕ್ಸ್ ಬಿಟ್ಟುಬಿಡ್ತಾರೆ.

ಹೊಸಬ_ಹಾಸನ

ಮಾನಿಟರ್ ಇಲ್ಲ, ಲ್ಯಾಪ್‌ಟಾಪೇ ಸರಿ. ಬ್ಯಾಟರಿ ಚೆನ್ನಾಗಿದೆ ಅಂತ ಅಂಗಡೀಲಿ ಹೇಗೆ ಗೊತ್ತಾಗುತ್ತೆ?

ಮಲೆನಾಡ_ಮೋಡೆಮ್

ಮಿಂಟ್ ಓಡ್ತಿರುವಾಗ ಟರ್ಮಿನಲ್‌ನಲ್ಲಿ ಯುಪವರ್ ಆಜ್ಞೆಗೆ ಒಂದು ಸ್ಪೇಸ್, ಒಂದು ಹೈಫನ್, ಡಿ ಸೇರಿಸಿ ಒತ್ತಿ. ಟಿ480ಗೆ ಎರಡು ಬ್ಯಾಟರಿ ಕಾಣುತ್ತೆ, ಒಳಗಿನದ್ದು ಒಂದು, ಹಿಂದೆ ಕಳಚೋದು ಒಂದು. ಒಳಗಿನದು ಹೊಸದಿದ್ದಾಗ 24 ವಾಟ್-ಅವರ್. ಹೊರಗಿನದು 24ರದ್ದೂ ಇದೆ, ಉಬ್ಬಿದ 72ರದ್ದೂ ಇದೆ. ಎನರ್ಜಿ-ಫುಲ್-ಡಿಸೈನ್ ಅಂದ್ರೆ ಹುಟ್ಟಿದಾಗಿನ ತೂಕ, ಎನರ್ಜಿ-ಫುಲ್ ಅಂದ್ರೆ ಈಗಿನದು. 24ಕ್ಕೆ 18 ಇದ್ರೆ 75%. ಹಳೇ ಮೆಷಿನ್‌ಗೆ ಅದು ಒಳ್ಳೇದೇ. 12ಕ್ಕಿಂತ ಕೆಳಗಿದ್ರೆ ಬದಲಿಸೋ ಖರ್ಚು ಬೆಲೆಯಲ್ಲೇ ಕಳೀರಿ.

ಸಂಖ್ಯೆಯನ್ನೊಂದೇ ನಂಬಬೇಡಿ, ಹೊಸದಾಗಿ ಹಾಕಿದ ಲೋಕಲ್ ಬ್ಯಾಟರಿಗಳು 100% ಅಂತ ಸುಳ್ಳು ಹೇಳ್ತಾವೆ. ಚಾರ್ಜರ್ ಕಿತ್ತು ಅದೇ ಯೂಟ್ಯೂಬ್ ವಿಡಿಯೊ 15 ನಿಮಿಷ ಓಡಿಸಿ. ಪರದೆ ಅರ್ಧ ಬೆಳಕಿನಲ್ಲಿ ಸುಮಾರು 10 ವಾಟ್ ಅಂದ್ಕೊಂಡ್ರೆ ಕಾಲು ಗಂಟೆಗೆ ಎರಡೂವರೆ ವಾಟ್-ಅವರ್. ಎರಡೂ ಬ್ಯಾಟರಿ ಸೇರಿ 48 ಇದ್ರೆ ಒಟ್ಟಾರೆ 5-7% ಇಳಿಬೇಕು. 12-15% ಬಿದ್ರೆ ಬ್ಯಾಟರಿ ಮುಗಿದಿದೆ. ಟಿ480 ಮೊದಲು ಹೊರಗಿನದ್ದನ್ನ ಖಾಲಿ ಮಾಡುತ್ತೆ, ಹಾಗಾಗಿ ಒಳಗಿನದು ಕದಲದೆ ನಿಂತಿದ್ರೆ ಗಾಬರಿ ಬೇಡ, ಎರಡರ ಒಟ್ಟು ನೋಡಿ.

ತಳ ಟೇಬಲ್ ಮೇಲೆ ಸಮತಟ್ಟಾಗಿ ಕೂರ್ತಿಲ್ಲ, ಟಚ್‌ಪ್ಯಾಡ್ ಕ್ಲಿಕ್ ಬಿಗಿ ಆಗಿದೆ ಅಂದ್ರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಒತ್ತಕ್ಷರ

ಕನ್ನಡದ ವಿಷಯ ಯಾರೂ ಎತ್ತಲಿಲ್ಲ, ನಾನೇ ಹೇಳ್ತೀನಿ.

ನುಡಿ ಅಭ್ಯಾಸ ಅಂದ್ರೆ ನಿಮಗೆ ಬೇಕಾಗಿರೋದು ಕೆಜಿಪಿ ವಿನ್ಯಾಸ, ಅಂದ್ರೆ ಗಣಕ ಪರಿಷತ್ತಿನದು. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ "ಕನ್ನಡ, ಕಗಪ, ಫೊನೆಟಿಕ್" ಅಂತ ಒಂದು ಸಿಗುತ್ತೆ. ಅದನ್ನ ನೋಡಿ ಖುಷಿಯಿಂದ ಹಾಕ್ಕೊಂಡು ಆಮೇಲೆ ಬೈತಾರೆ. ಅದರಲ್ಲಿ ಒಂದು ಕೀಲಿಗೆ ಒಂದೇ ಅಕ್ಷರ. ಹಿಂದೆ ವ್ಯಂಜನ ಇದೆಯಾ ಇಲ್ವಾ ಅಂತ ನೋಡಿ "ಇ" ಬೇಕೋ ಗುಡಿಸು ಬೇಕೋ ತೀರ್ಮಾನ ಮಾಡೋ ಶಕ್ತಿ ಅದಕ್ಕಿಲ್ಲ. ನುಡಿಯಲ್ಲಿ ಆ ಕೆಲಸ ತಂತ್ರಾಂಶವೇ ಮಾಡ್ತಿತ್ತು.

ಹಾಗಾಗಿ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ (ಐಬಸ್ ಅಂದ್ರೆ ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ತಂತ್ರಾಂಶ). ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಮಾಡಿ ಮತ್ತೆ ಬನ್ನಿ. ಲಾಗ್ ಔಟ್ ಮಾಡದೆ "ಬರ್ತಿಲ್ಲ" ಅನ್ನೋರೇ ಜಾಸ್ತಿ. ಐಬಸ್ ಪ್ರಿಫರೆನ್ಸಸ್ ತೆಗೆದು ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ಅಲ್ಲೇ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕೂಡ ಇರುತ್ತೆ. ಇಂಗ್ಲಿಷ್-ಕನ್ನಡ ಬದಲಾಯಿಸೋಕೆ ವಿಂಡೋಸ್ ಕೀಲಿ ಜೊತೆ ಸ್ಪೇಸ್.

ಅಕ್ಷರಗಳಿಗೆ ನೋಟೊ, ಲೋಹಿತ್ ಜೊತೆಗೆ ಗುಬ್ಬಿ, ನವಿಲು ಫಾಂಟ್‌ಗಳೂ ರೆಪಾಸಿಟರಿಯಲ್ಲೇ ಇವೆ.

ಹಳೇ ನುಡಿ ಕಡತ ಇದ್ರೆ ಮಾತ್ರ ಎಚ್ಚರ. "ನುಡಿ 01 ಇ" ಥರದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ. ಒಳಗಿರೋದು ಲ್ಯಾಟಿನ್ ಸಂಕೇತ, ಮೇಲೆ ಕನ್ನಡದ ಮುಖವಾಡ. ಲಿಬ್ರೆಆಫೀಸ್‌ನಲ್ಲಿ ತೆಗೆದ್ರೆ ಕಸ ಕಾಣುತ್ತೆ. ನುಡಿಯ ಟಿಟಿಎಫ್ ಫೈಲ್‌ಗಳನ್ನ ಹಳೇ ಕಂಪ್ಯೂಟರ್‌ನಿಂದ ತಂದು ಇಲ್ಲಿ ಇನ್‌ಸ್ಟಾಲ್ ಮಾಡಿದ್ರೆ ಓದೋಕೆ, ಪ್ರಿಂಟ್ ತೆಗೆಯೋಕೆ ಆಗುತ್ತೆ. ಹುಡುಕೋಕೆ, ವಾಟ್ಸಾಪ್‌ಗೆ ಅಂಟಿಸೋಕೆ ಬೇಕಂದ್ರೆ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕದಲ್ಲಿ ಹಾಕಿ ತೆಗೀಬೇಕು. ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನ ಕಣ್ಣಾರೆ ಒಂದ್ಸಲ ಓದಿ. ಪರಿವರ್ತಕಗಳು ಎಡವೋದು ಅಲ್ಲೇ.

ತಂತಿಪೆಟ್ಟಿಗೆ

ಇನ್‌ಸ್ಟಾಲ್ ಮಾಡುವಾಗ ಸಿಕ್ಕಿಹಾಕಿಕೊಳ್ಳೋ ಜಾಗಗಳು, ಚುಟುಕಾಗಿ:

ಡೆಲ್‌ನಲ್ಲಿ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸ್ತಿಲ್ಲ ಅಂದ್ರೆ ಬಯೋಸ್‌ನ ಸಾಟಾ ಆಪರೇಶನ್ "ರೇಡ್ ಆನ್" ಆಗಿದೆ. ಎಎಚ್‌ಸಿಐಗೆ ಬದಲಿಸಿ. ಹಾಗೆ ಬದಲಿಸಿದ್ರೆ ಅದರಲ್ಲಿರೋ ವಿಂಡೋಸ್ ನೀಲಿ ಪರದೆ ಹೊಡೆಯುತ್ತೆ. ಉಳಿಸಿಕೊಳ್ಳಬೇಕಂದ್ರೆ ಮೊದಲು ವಿಂಡೋಸನ್ನ ಸೇಫ್ ಮೋಡ್‌ಗೆ ಹೊಂದಿಸಿ, ಆಮೇಲೆ ಬಯೋಸ್ ಬದಲಿಸಿ, ಒಂದ್ಸಲ ಸೇಫ್ ಮೋಡ್‌ನಲ್ಲಿ ಬೂಟ್ ಆಗೋಕೆ ಬಿಡಿ.

ಬ್ರೌಸರ್‌ನಲ್ಲಿ ಎಲ್ಲ ಸೈಟೂ "ಸುರಕ್ಷಿತವಲ್ಲ" ಅಂತಿದ್ರೆ, ಅಪ್‌ಡೇಟ್ ಕೂಡ ಆಗದಿದ್ರೆ, ಮೊದಲು ತಾರೀಖು ನೋಡಿ. ಗುಂಡು ಬ್ಯಾಟರಿ ಸತ್ತು ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ, ಸೈಟಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ ಅಂತ ಅದರ ಲೆಕ್ಕ.

ಟಿ480ರ ಇಂಟೆಲ್ ವೈಫೈ ತಾನಾಗೇ ಕೆಲಸ ಮಾಡುತ್ತೆ. ಹಳೇ ಮ್ಯಾಕ್‌ಬುಕ್ ಏರ್ ಯಾರಾದ್ರೂ ತೋರಿಸಿದ್ರೆ ಅದರಲ್ಲಿ ಬ್ರಾಡ್‌ಕಾಮ್ ಇರುತ್ತೆ, ಡ್ರೈವರ್ ಪ್ರತ್ಯೇಕ ಹಾಕಬೇಕು, ಹಾಕೋಕೆ ನೆಟ್ ಬೇಕು. ಆಗ ಫೋನನ್ನ ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ತಕ್ಷಣ ನೆಟ್ ಬರುತ್ತೆ.

ಟಿ480ರ ಬೆರಳಚ್ಚು ಓದುವ ಚಿಪ್‌ಗೆ ಮಿಂಟ್‌ನಲ್ಲಿ ನೇರ ಬೆಂಬಲ ಇಲ್ಲ. ಮರೆತುಬಿಡಿ.

ಪ್ರಿಂಟರ್: ಕ್ಯಾನನ್ ಎಲ್‌ಬಿಪಿ2900 ಇದ್ರೆ ಮೊದಲೇ ಹೇಳಿ. ಅರ್ಧ ಊರಿನ ಜೆರಾಕ್ಸ್ ಅಂಗಡಿಗಳಲ್ಲಿ ಇರೋದು ಅದೇ, ಲಿನಕ್ಸ್‌ನಲ್ಲಿ ಅತಿ ಹಠಮಾರಿಯೂ ಅದೇ. ಎಚ್‌ಪಿ 1020 ಆದ್ರೆ ಎಚ್‌ಪಿಲಿಪ್ (ಲಿನಕ್ಸ್‌ಗೆ ಎಚ್‌ಪಿಯ ಡ್ರೈವರ್) ಜೊತೆ ಅದರ ಪ್ಲಗ್-ಇನ್ ಇಳಿಸಿಕೊಂಡ್ರೆ ಆಯ್ತು.

ರ‍್ಯಾಮ್ ಪರೀಕ್ಷೆ ಅಂಗಡೀಲಿ ಮುಗಿಯಲ್ಲ. ತಂದ ದಿನ ರಾತ್ರಿ ಮೆಮ್‌ಟೆಸ್ಟ್86+ ಹಾಕಿ ಮಲಗಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲಿದ್ರೂ ಫೋಟೊ ತೆಗೆದು, ಟೆಸ್ಟಿಂಗ್ ವಾರಂಟಿ ಮುಗಿಯೋ ಮೊದಲು ಅಂಗಡಿಗೆ ಹೋಗಿ.

ಹೊಸಬ_ಹಾಸನ

ಎಲ್ಲರಿಗೂ ಧನ್ಯವಾದ, ಪೂರ್ತಿ ಬರೆದಿಟ್ಟುಕೊಂಡೆ. ಕೊನೇದೊಂದು. ಜಿಎಸ್‌ಟಿ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್, ಟ್ಯಾಲಿ ಎರಡೂ ವಿಂಡೋಸ್‌ನಲ್ಲಿ ಬೇಕು. ಅದೇ 256 ಜಿಬಿಯನ್ನ ಭಾಗ ಮಾಡಿ ಎರಡೂ ಇಟ್ಟುಕೊಳ್ಳಲಾ?

ಬೆಸುಗೆಕಡ್ಡಿ

ಭಾಗ ಮಾಡಬಹುದು, ಆದ್ರೆ ಟಿ480ಗೆ ಅದಕ್ಕಿಂತ ಚೊಕ್ಕ ದಾರಿ ಇದೆ. ಸಿಮ್ ಡೇಟಾ ಕಾರ್ಡ್‌ಗೆ ಅಂತ ಬಿಟ್ಟಿರೋ ಸಣ್ಣ ಎಂ.2 ಸ್ಲಾಟ್ ಹೆಚ್ಚಿನವುಗಳಲ್ಲಿ ಖಾಲಿ ಇರುತ್ತೆ. ಅದರಲ್ಲಿ 2242 ಅಳತೆಯ ಎನ್‌ವಿಎಂಇ ಎಸ್‌ಎಸ್‌ಡಿ ಕೂರುತ್ತೆ. ಉದ್ದ 42 ಮಿ.ಮೀ., ತುದಿಯಲ್ಲಿ ಎರಡು ಕಚ್ಚು ಇರೋದೇ ಬೇಕು, ಬಿ+ಎಂ ಅಂತಾರೆ. ಒಂದೇ ಕಚ್ಚಿನದು ಒಳಗೆ ಹೋಗಲ್ಲ. ಸಾಟಾ ಎಂ.2 ತಂದ್ರೂ ಕೆಲಸ ಮಾಡಲ್ಲ. 128 ಜಿಬಿ ಸಾಕು, ಮಿಂಟ್ 100 ಇದ್ರೆ ಆರಾಮ ಅನ್ನುತ್ತೆ.

ತಳ ತೆಗೆಯೋ ಮೊದಲು ಬಯೋಸ್‌ನ ಕಾನ್ಫಿಗ್, ಪವರ್‌ನಲ್ಲಿ "ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ" ಒತ್ತಿ, ಇಲ್ಲಾಂದ್ರೆ ಒಳಗೆ ಕರೆಂಟ್ ಹರೀತಾನೇ ಇರುತ್ತೆ. ಹೊರಗಿನ ಬ್ಯಾಟರಿ ಕಳಚಿ. ತಳದ ಸ್ಕ್ರೂಗಳು ಪೂರ್ತಿ ಈಚೆ ಬರಲ್ಲ, ಸಡಿಲ ಆಗ್ತವೆ ಅಷ್ಟೆ, ಕಿತ್ತು ತೆಗೆಯೋಕೆ ಹೋಗಬೇಡಿ. ಹಳೇ ಎಟಿಎಂ ಕಾರ್ಡ್ ಅಂಚಿಗೆ ತೂರಿಸಿ ಸುತ್ತ ಎಬ್ಬಿಸ್ತಾ ಬಂದ್ರೆ ತಳ ಬಿಟ್ಟುಕೊಳ್ಳುತ್ತೆ.

ಮಿಂಟನ್ನ ಈ ಹೊಸ ಡಿಸ್ಕಿಗೇ ಹಾಕಿ. ಹಾಕುವಾಗ ವಿಂಡೋಸ್ ಇರೋ ಡಿಸ್ಕನ್ನ ಕಳಚಿಟ್ಟೇ ಹಾಕಿ. ಇಲ್ಲಾಂದ್ರೆ ಇನ್‌ಸ್ಟಾಲರ್ ತನ್ನ ಬೂಟ್ ಫೈಲ್‌ಗಳನ್ನ ವಿಂಡೋಸ್ ಡಿಸ್ಕಿನಲ್ಲೇ ಇಡುತ್ತೆ, ಮುಂದೆ ಯಾವತ್ತೋ ಆ ಡಿಸ್ಕ್ ಕಿತ್ತರೆ ಲಿನಕ್ಸೂ ಏಳಲ್ಲ. ಆಮೇಲೆ ಯಾವುದು ಬೇಕೋ ಎಫ್12 ಒತ್ತಿ ಆರಿಸಿಕೊಳ್ಳಿ.

ಒತ್ತಕ್ಷರ

ಎರಡೂ ಇಟ್ಟುಕೊಂಡ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಕಂಡ್ರೆ ಗುಂಡು ಬ್ಯಾಟರಿ ಬದಲಿಸೋಕೆ ಓಡಬೇಡಿ. ಲಿನಕ್ಸ್ ಬೋರ್ಡಿನ ಗಡಿಯಾರಕ್ಕೆ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಬರೀತು, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದ್ತು, ಅಷ್ಟೇ. ಮಿಂಟ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಸೇರಿಸಿ ಒಂದ್ಸಲ ಕೊಟ್ಟರೆ ಇಬ್ಬರೂ ಒಂದೇ ಗಂಟೆ ಹೇಳ್ತಾರೆ.